ಓದಿ ಬಿಸಾಡುವ ಸಾಲು

ಮೇಷ್ಟ್ರು ಬಿಸಿಯಾದ ಯಾವುದನ್ನೂ ಅಂಗೈಯಿಂದ ಮುಟ್ಟಿದ್ದನ್ನು ನಾನು ಕಂಡಿಲ್ಲ. ಬಲಗೈಯನ್ನು ಮಗುಚಿ, ಹಿಂಗೈಯನ್ನು ಮೆಲ್ಲಗೆ ಒತ್ತುತ್ತಿದ್ದರು. ಕಾಫಿ ಲೋಟ, ಲ್ಯಾಪ್‌ಟಾಪಿನ ತಳ, ಬಸ್ಸಿನ ಬಾನೆಟ್ಟು, ಜ್ವರ ಬಂದ ವಿದ್ಯಾರ್ಥಿಯ ಹಣೆ, ಎಲ್ಲಕ್ಕೂ ಅದೇ ಹಿಂಗೈ. ಅದರ ಮೇಲೆ ಒಂದು ರೋಮವೂ ಉಳಿದಿರಲಿಲ್ಲ. ಗೆಣ್ಣುಗಳ ಚರ್ಮ ಕಪ್ಪಾಗಿ ಹೊಳೆಯುತ್ತಿತ್ತು. ಅವರ ತಂದೆ ಶಿವನಸಮುದ್ರದ ವಿದ್ಯುದಾಗಾರದಲ್ಲಿ ಯಂತ್ರಗಳಿಗೆ ಎಣ್ಣೆ ಬಿಡುವ ಕೆಲಸದಲ್ಲಿದ್ದರು. ಅಲ್ಲಿ ಯಂತ್ರದ ಮೈ ಕಾದಿದೆಯೇ ಎಂದು ನೋಡಲು ಎಲ್ಲರೂ ಹಿಂಗೈಯನ್ನೇ ಇಡುತ್ತಿದ್ದರಂತೆ. ಕರೆಂಟು ಹೊಡೆದರೆ ಕೈ ಮುಷ್ಟಿ ಕಟ್ಟುತ್ತದೆ. ಅಂಗೈ ಇಟ್ಟವನು ಯಂತ್ರವನ್ನೇ ಹಿಡಿದುಕೊಂಡುಬಿಡುತ್ತಾನೆ, ಹಿಂಗೈ ಇಟ್ಟವನ ಕೈ ತಾನಾಗಿ ಬಿಟ್ಟುಬರುತ್ತದೆ. ಮಗ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುವವರಾದರೂ ಅಭ್ಯಾಸ ಅಪ್ಪನದೇ ಉಳಿದಿತ್ತು.

ನಾನು ಮಂಡ್ಯದಲ್ಲಿ ಅವರ ವಿದ್ಯಾರ್ಥಿನಿಯಾಗಿದ್ದವಳು. ಈಗ ಮಳವಳ್ಳಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ವರ್ಷ ವರ್ಷವೂ ಹೊಸದಾಗಿ ಕರೆಯುತ್ತಾರೆ, ವರ್ಷ ವರ್ಷವೂ ಹೊಸದಾಗಿ ಮರೆಯುತ್ತಾರೆ. ಇಂಥ ಅತಿಥಿಸತ್ಕಾರ ಬೇರೆಲ್ಲೂ ಸಿಗಲಾರದು. ಮೇಷ್ಟ್ರದು ಮದ್ದೂರಿನಲ್ಲಿ ಸಣ್ಣ ಮನೆ. ಕ್ಲಾಸಿನಲ್ಲಿ ಅವರು ಪಾಠ ಮಾಡುತ್ತಿದ್ದುದು ಕನ್ನಡದಲ್ಲಿ. ಪರೀಕ್ಷೆಗೆ ಬೇಕಾದ ಇಂಗ್ಲಿಷ್ ಉತ್ತರವನ್ನು ಬೋರ್ಡಿನ ಮೂಲೆಯಲ್ಲಿ ಬರೆದು, "ಇದು ಪೇಪರ್ ನೋಡೋರಿಗೆ. ನಾನು ಹೇಳ್ತಿರೋದು ನಿಮಗೆ" ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಅವರು ನಗುತ್ತಿರಲಿಲ್ಲ.

ಅವರಿಗೊಂದು ಹುಚ್ಚಿತ್ತು. ಪ್ರಪಂಚದ ಯಾವ ಮೂಲೆಯವರು ಬೇಕಾದರೂ ಕೂಡಿ ಬರೆಯುವ, ಯಾರಿಗೂ ಸೇರದ, ಎಲ್ಲರಿಗೂ ಸೇರಿದ ಆಪರೇಟಿಂಗ್ ಸಿಸ್ಟಂ ಒಂದಿದೆ. ಅದರಲ್ಲಿ ಒಂದು ಕಂಪ್ಯೂಟರ್ ಚಿಪ್ಪಿನ ಬಿಸಿ ನೋಡಿಕೊಳ್ಳುವ ಭಾಗವನ್ನು ಮೇಷ್ಟ್ರು ಬರೆದಿದ್ದರು. ಚಿಪ್ಪು ಕೆಲಸ ಮಾಡಿದಷ್ಟೂ ಕಾಯುತ್ತದೆ. ಅದರೊಳಗೇ ಬಿಸಿ ಅಳೆಯುವ ಒಂದು ಅಳತೆಗಾರ ಇರುತ್ತದೆ. ಬಿಸಿ ಮಿತಿ ದಾಟಿದರೆ ಚಿಪ್ಪಿನ ಓಟ ತಗ್ಗಿಸಬೇಕು, ಇನ್ನೂ ಏರಿದರೆ ಯಂತ್ರವನ್ನೇ ಆರಿಸಬೇಕು. ಈ ಕೆಲಸಕ್ಕೆ ಒಂದೊಂದು ಜಾತಿಯ ಚಿಪ್ಪಿಗೂ ಒಂದೊಂದು ಕಡತ ಇರುತ್ತದೆ. ಅದಕ್ಕೆ ಡ್ರೈವರ್ ಎನ್ನುತ್ತಾರೆ. ಮೇಷ್ಟ್ರು ಬರೆದದ್ದು ಆ ಒಂದೇ ಡ್ರೈವರ್. ಕಡತವನ್ನು ನೋಡಿಕೊಳ್ಳುವವರ ಪಟ್ಟಿಯಲ್ಲಿ ಅವರ ಹೆಸರಿತ್ತು. ಯಾರಾದರೂ ಅದರಲ್ಲಿ ಒಂದು ಸಾಲು ಬದಲಿಸಬೇಕೆಂದರೂ ಮೊದಲು ಅವರಿಗೆ ಮೇಲ್ ಬರುತ್ತಿತ್ತು. ಬಡ್ತಿ ತಪ್ಪಿದಾಗಲೂ ಅಲುಗದ ಮನುಷ್ಯ ಅಂಥ ಮೇಲ್ ಬಂದ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಿದ್ದರು.

ನಿವೃತ್ತಿಯಾದ ಮೇಲೆ ಸಕ್ಕರೆ ಕಾಯಿಲೆ ಮೊದಲು ಅವರ ಕಣ್ಣಿಗೆ ಬಂತು, ಆಮೇಲೆ ಮೂತ್ರಪಿಂಡಕ್ಕೆ. ಪರದೆಯ ಅಕ್ಷರಗಳು ಇರುವೆ ಸಾಲಿನ ಹಾಗೆ ಕಾಣುತ್ತವೆ ಎಂದರು ಒಮ್ಮೆ. ಇನ್ನೊಮ್ಮೆ ಹೋದಾಗ ಇರುವೆಗಳೂ ಇರಲಿಲ್ಲ. ಅಲ್ಲಿಂದ ಭಾನುವಾರಗಳಲ್ಲಿ ನಾನು ಮಳವಳ್ಳಿಯಿಂದ ಬಸ್ಸು ಹತ್ತಿ ಬಂದು ಅವರ ಮೇಲ್‌ಗಳನ್ನು ಓದಿ ಹೇಳುವುದು ರೂಢಿಯಾಯಿತು. ಬದಲಾವಣೆಗಳು ಬರುವ ರೀತಿ ಹೀಗೆ: ತೆಗೆಯುವ ಸಾಲಿನ ಮುಂದೆ ಕಳೆಯುವ ಚಿಹ್ನೆ, ಸೇರಿಸುವ ಸಾಲಿನ ಮುಂದೆ ಕೂಡುವ ಚಿಹ್ನೆ. ಪ್ರತಿ ಸಾಲಿಗೂ ಇಂಗ್ಲಿಷಿನಲ್ಲಿ ಚಿಹ್ನೆಯ ಹೆಸರು ಹೇಳಿ ಹೇಳಿ ನನ್ನ ನಾಲಿಗೆ ಸೋಲುತ್ತಿತ್ತು. ಮೇಷ್ಟ್ರೇ ದಾರಿ ತೋರಿಸಿದರು: "ಹೋಯ್ತು, ಬಂತು ಅನ್ನು. ಅಷ್ಟೇ ಸಾಕು." ಹಾಗೆಯೇ ಓದುತ್ತಿದ್ದೆ. ಅವರು ಕಣ್ಣು ಮುಚ್ಚಿ, ಹಿಂಗೈಯನ್ನು ಮೇಜಿನ ಮೇಲಿಟ್ಟು ಕೇಳುತ್ತಿದ್ದರು. ಒಳಗಿನಿಂದ ಅವರ ಹೆಂಡತಿ, ನಾವೆಲ್ಲ ಅಮ್ಮಾವ್ರು ಎನ್ನುತ್ತಿದ್ದವರು, ಕೂಗುತ್ತಿದ್ದರು: "ಮೊದ್ಲು ಉಣ್ಣು ಬಾ ಕನವ್ವ. ಅವ್ರಿಗೇನು, ಕಿವಿ ತುಂಬುದ್ರೆ ಒಟ್ಟೆ ತುಂಬ್ತದೆ."

ಆ ಸಲ ಬಂದದ್ದು ದೊಡ್ಡ ಮೇಲ್ ಸರಣಿ. ಯಾವ ದೇಶದವರೋ, ಶ್ರದ್ಧೆಯ ಮನುಷ್ಯ, ಬಿಸಿ ನೋಡಿಕೊಳ್ಳುವ ಎಲ್ಲ ಡ್ರೈವರ್‌ಗಳನ್ನೂ ಚೊಕ್ಕಟ ಮಾಡಲು ಹೊರಟಿದ್ದರು. ಒಂದೇ ಕೆಲಸವನ್ನು ಪ್ರತಿ ಡ್ರೈವರ್ ತನ್ನದೇ ರೀತಿಯಲ್ಲಿ ಮಾಡುವುದೇಕೆ, ಎಲ್ಲಕ್ಕೂ ಸಮಾನವಾದ ಒಂದು ವಿಧಾನ ಇರಲಿ, ಬೇಡದ ಸಾಲು ಹೋಗಲಿ ಎನ್ನುವುದು ಅವರ ವಾದ. ತಪ್ಪೇನಿಲ್ಲ. ನಾನು ಮೇಷ್ಟ್ರ ಕಡತದ ಭಾಗ ಓದುತ್ತಾ ಹೋದೆ. ಹೋಯ್ತು, ಹೋಯ್ತು, ಬಂತು. ತಲೆಯಾಡಿಸುತ್ತಾ ಇದ್ದವರು ಒಂದು ಸಾಲಿನ ಹತ್ತಿರ ನನ್ನನ್ನು ತಡೆದರು.

"ಇನ್ನೊಂದ್ಸಲ ಓದು."

ಓದಿದೆ. ಅಳತೆಗಾರದಿಂದ ಬಿಸಿಯನ್ನು ಒಮ್ಮೆ ಓದುವ ಸಾಲು. ಓದಿದ ಅಂಕಿಯನ್ನು ಎಲ್ಲೂ ಇಟ್ಟುಕೊಂಡಿರಲಿಲ್ಲ, ಯಾವುದಕ್ಕೂ ಬಳಸಿರಲಿಲ್ಲ. ಅದರ ಕೆಳಗೇ ಇನ್ನೊಮ್ಮೆ ಓದುವ ಸಾಲು ಇತ್ತು. ಮೊದಲನೆಯದನ್ನು ಆ ಮನುಷ್ಯ ತೆಗೆದುಹಾಕಿದ್ದರು.

"ಅದರ ಬದಲಿಗೆ ಏನು ಬಂತು?"

"ಏನೂ ಬಂದಿಲ್ಲ ಸರ್."

"ಬಂದಿರ್ಬೇಕು, ಸರಿಯಾಗಿ ನೋಡು."

"ಇಲ್ಲ ಸರ್. ಓದಿದ್ದನ್ನ ಬಳಸಿಲ್ಲ, ಅದಕ್ಕೆ ತೆಗೆದಿದೀನಿ ಅಂತ ಬರೆದಿದಾರೆ."

ಮೇಷ್ಟ್ರು ನೆಟ್ಟಗೆ ಕೂತರು. ಆಮೇಲೆ ಬಿಡಿಸಿ ಹೇಳಿದರು. ಆ ಚಿಪ್ಪಿನ ಅಳತೆಗಾರಕ್ಕೆ ಒಂದು ಕೆಟ್ಟ ಗುಣ. ನಿದ್ದೆಯಿಂದ ಎದ್ದ ಕೂಡಲೇ ಮೊದಲ ಅಂಕಿಯನ್ನು ಸುಳ್ಳು ಹೇಳುತ್ತದೆ. ತಣ್ಣಗಿದ್ದರೂ ಕುದಿಯುತ್ತಿದ್ದೇನೆ ಎನ್ನುತ್ತದೆ. ಎರಡನೆಯದರಿಂದ ನಿಜ. ಕಾಲೇಜಿನ ಲ್ಯಾಬಿನಲ್ಲಿ ಈ ಚಿಪ್ಪು ಕೂರಿಸಿದ ಬೋರ್ಡುಗಳು ಹತ್ತಿದ ತಕ್ಷಣ ಆರುತ್ತಿದ್ದಾಗ ತಲೆ ಕೆರೆದು ಕೆರೆದು ಇದನ್ನು ಅವರು ಕಂಡುಹಿಡಿದಿದ್ದರು. ಅದಕ್ಕೇ ಒಮ್ಮೆ ಓದಿ ಬಿಸಾಡುವುದು. "ಆ ಸಾಲು ಹೋದ್ರೆ ಮೊದಲ ಸುಳ್ಳನ್ನೇ ನಂಬಿ ಯಂತ್ರ ಆರಿಹೋಗುತ್ತೆ ಕಣಮ್ಮ. ಕುದೀತಾ ಇದೀನಿ ಅಂತ ತಾನೇ ಅಂದ್ಕೊಂಡು ತಾನೇ ಪ್ರಾಣ ಬಿಡುತ್ತೆ."

ನನಗೆ ಸಿಟ್ಟು ಬಂತು, ಆ ಪರದೇಶದವರ ಮೇಲಲ್ಲ, ಮೇಷ್ಟ್ರ ಮೇಲೆ. "ಇದನ್ನ ಅಲ್ಲೇ ಮೇಲೆ ಒಂದು ಟಿಪ್ಪಣಿ ಬರೆದಿಟ್ಟಿದ್ರೆ ಆಗ್ತಿತ್ತಲ್ಲ ಸರ್?" ಎಂದೆ. ಕೋಡಿನ ನಡುವೆ, ಓದುವವರಿಗಾಗಿ, ಇದು ಯಾಕಿದೆ ಎಂದು ಬರೆದಿಡುವ ಮಾತಿಗೆ ಟಿಪ್ಪಣಿ ಎನ್ನುತ್ತೇವೆ. ಎಲ್ಲರೂ ಬರೆಯುತ್ತಾರೆ. ಮೇಷ್ಟ್ರ ಕಡತದಲ್ಲಿ ಮೊದಲಿನಿಂದ ಕೊನೆಯವರೆಗೆ ಒಂದೂ ಇರಲಿಲ್ಲ.

"ಬರೆದಿದ್ದೆ" ಎಂದರು.

ಮೊದಲ ಸಲ ಕಡತ ಕಳಿಸಿದಾಗ ಆ ಸಾಲಿನ ಮೇಲೆ ಉದ್ದಕ್ಕೆ ಟಿಪ್ಪಣಿ ಬರೆದಿದ್ದರಂತೆ, ತಮಗೆ ಬಂದ ಇಂಗ್ಲಿಷಿನಲ್ಲಿ, ಮಕ್ಕಳಿಗೆ ಪಾಠ ಹೇಳುವ ಹಾಗೆ. ಅಳತೆಗಾರ ಸುಳ್ಳುಗಾರ, ಅದರ ಮೊದಲ ಮಾತನ್ನು ದಯವಿಟ್ಟು ನಂಬಬೇಡಿ ಎಂದು. ಒಬ್ಬರು ಅರ್ಥವಾಗಲಿಲ್ಲ, ತಿದ್ದಿ ಬರೆಯಿರಿ ಎಂದು ಉತ್ತರಿಸಿದರು. ಇನ್ನೊಬ್ಬರು ಎಲ್ಲರೂ ನೋಡುವ ಹಾಗೆ ಒಂದು ತಮಾಷೆ ಮಾಡಿದರು. ಕೆಟ್ಟದ್ದೇನಲ್ಲ, ಸಾಮಾನ್ಯ ತಮಾಷೆ. ಮೇಷ್ಟ್ರು ಟಿಪ್ಪಣಿಯನ್ನು ತಿದ್ದಲಿಲ್ಲ, ಪೂರ್ತಿ ಅಳಿಸಿದರು. ಕಡತ ಸಿಸ್ಟಂಗೆ ಸೇರಿತು. ಆಮೇಲೆ ಯಾವತ್ತೂ ಒಂದು ಟಿಪ್ಪಣಿಯನ್ನೂ ಅವರು ಬರೆಯಲಿಲ್ಲ.

"ನಮ್ಮ ಇಂಗ್ಲಿಷು ನಮ್ಮ ಅಡುಗೆಮನೆ ಇದ್ದ ಹಾಗೆ. ನೆಂಟರು ಬಂದಾಗ ಬಾಗಿಲು ಹಾಕ್ಬುಡ್ತೀವಲ್ಲ" ಎಂದರು. ನಮ್ಮ ಕಡೆಯ ಕನ್ನಡ ಶಾಲೆಗಳಲ್ಲಿ ಓದಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಪ್ಪು ಮಾತಾಡುವುದಕ್ಕಿಂತ ಸುಮ್ಮನಿರುವುದು ಮರ್ಯಾದೆ ಎಂದು ಕಲಿತವರು ನಾವು. ಆ ಸುಮ್ಮನಿರುವಿಕೆ ಇಷ್ಟು ವರ್ಷದ ಮೇಲೆ ಬಂದು ಹೀಗೆ ಹೊಡೆಯುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಅವರು ಹೇಳಿದರು, ನಾನು ಟೈಪ್ ಮಾಡಿದೆ: ಈ ಸಾಲು ಬೇಕು, ಕಾರಣ ಹೀಗೆ. ಉತ್ತರ ಬೇಗ ಬಂತು, ಬಹಳ ಸಭ್ಯವಾಗಿ. ಚಿಪ್ಪಿನ ಕೈಪಿಡಿಯಲ್ಲಿ ಇದು ಎಲ್ಲೂ ಇಲ್ಲವಲ್ಲ. ತಯಾರಿಸಿದ ಕಂಪನಿಯೂ ಮುಚ್ಚಿದೆ. ನಿಮ್ಮ ಹತ್ತಿರ ಬೋರ್ಡು ಇದ್ದರೆ ನನ್ನ ಬದಲಾವಣೆ ಹಾಕಿ ನೋಡಿ, ಆರಿದರೆ ಅದರ ದಾಖಲೆ ಕಳಿಸಿ, ಸಾಲು ಉಳಿಸುತ್ತೇನೆ. ನಾನು ಗೊಣಗಿದ್ದಕ್ಕೆ ಮೇಷ್ಟ್ರು ನನ್ನನ್ನೇ ಗದರಿದರು. "ಗುಡಿಸೋದು ತಪ್ಪಾ? ಕಸ ಯಾವುದು ಅಂತ ಮನೆಯವರನ್ನ ಕೇಳ್ತಾವ್ರಲ್ಲ. ನಾವು ಉತ್ತರ ಕೊಡ್ಬೇಕು."

ಉತ್ತರ ಕೊಡಲು ಬೋರ್ಡು ಬೇಕು. ಲ್ಯಾಬಿನ ಬೋರ್ಡುಗಳು ಹಳೇ ಸಾಮಾನಿನ ಹರಾಜಿನಲ್ಲಿ ಎಂದೋ ಹೋಗಿದ್ದವು. ನಾನು ಅಂತರ್ಜಾಲವೆಲ್ಲ ಜಾಲಾಡಿದೆ, ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಗಳಿಗೆ ಫೋನ್ ಮಾಡಿದೆ. ಎಲ್ಲೂ ಇಲ್ಲ. ಆಗ ಮೇಷ್ಟ್ರಿಗೆ ನೆನಪಾದದ್ದು ಬೆಸಗರಹಳ್ಳಿ ಕಡೆಯ ಒಂದು ಊರಿನ ಹಾಲಿನ ಡೈರಿ. ಹೆಂಗಸರೇ ನಡೆಸುವ ಸಂಘ. ಹಿಂದೆ ಅವರ ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟಿಗಾಗಿ ಹಾಲಿನ ತೂಕ, ಕೊಬ್ಬು ನೋಡಿ ಚೀಟಿ ಕೊಡುವ ಪೆಟ್ಟಿಗೆಯೊಂದನ್ನು ಮಾಡಿ ಅಲ್ಲಿ ಕೂರಿಸಿದ್ದರು. ಅದರೊಳಗೆ ಇದ್ದದ್ದು ಅದೇ ಬೋರ್ಡು.

ಮದ್ದೂರಿನಿಂದ ಬಸ್ಸಿನಲ್ಲಿ ಹೋದೆವು. ಡಯಾಲಿಸಿಸ್ ಇಲ್ಲದ ದಿನ ನೋಡಿ, ಅಮ್ಮಾವ್ರ ಬೈಗುಳ ಕೇಳಿಸಿಕೊಂಡು. ಬೆಳಗಿನ ಹಾಲು ಮುಗಿದು ಡೈರಿ ತೊಳೆಯುತ್ತಿದ್ದರು. ತಗಡಿನ ಸೂರಿನ ಕೆಳಗೆ ಕಾದ ಗಾಳಿ. ಸಂಘದ ಕಾರ್ಯದರ್ಶಿ, ಗಟ್ಟಿ ದನಿಯ ಹೆಂಗಸು, ಮೇಷ್ಟ್ರನ್ನು ಕಂಡು ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದರು. ಪೆಟ್ಟಿಗೆ ಇನ್ನೂ ಇತ್ತು, ನಡೆಯುತ್ತಲೂ ಇತ್ತು. ನನಗೆ ಕುಣಿಯುವಷ್ಟು ಸಂತೋಷವಾಯಿತು.

"ಇದೆಂಗದೆ?" ಎಂದು ಮೇಷ್ಟ್ರು ಕೇಳಿದರು.

"ಚೆನ್ನಾಗದೆ ಸಾ. ಆದ್ರೆ ಬ್ಯಾಸ್ಗೇಲಿ ಬಲೇ ನಿಧಾನ. ಚೀಟಿ ಬರೋಗಂಟ ಒಂದು ಕಾಪಿ ಕುಡ್ಕಬರ್ಬೋದು."

ಮೇಷ್ಟ್ರು ತಡವರಿಸಿ ಪೆಟ್ಟಿಗೆ ಹುಡುಕಿ ಹಿಂಗೈ ಇಟ್ಟರು. ಮುಖವೆಲ್ಲ ನಗುವಾಯಿತು. "ನಿಧಾನ ಮಾಡಿಸ್ತಿರೋನು ನಾನೇ ಕಣಮ್ಮ. ಕಾದಾಗ ಓಡಿದ್ರೆ ಸುಟ್ಟೋಗ್ತಿತ್ತು. ಬೈಕೋ, ಪರವಾಗಿಲ್ಲ." ಅಷ್ಟು ಖುಷಿಯಾಗಿ ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಕೊನೆ.

ನಾನು ಬಂದ ಕೆಲಸ ಹೇಳಿದೆ. ಪೆಟ್ಟಿಗೆಯನ್ನು ಆರಿಸಿ, ಒಳಗಿನ ಸಿಸ್ಟಂ ಬದಲಿಸಿ, ಮತ್ತೆ ಹತ್ತಿಸಿ ನೋಡಬೇಕು. ಕಾರ್ಯದರ್ಶಿಯ ಮುಖ ಬದಲಾಯಿತು.

"ಆರ್ಸದಾ? ಬ್ಯಾಡಿ ಸಾ, ನಿಮ್ಮ ದಮ್ಮಯ್ಯ. ಓದ್ಸಲ ಬ್ಯಾಟ್ರಿ ಓಗಿ ಆರೋದಾಗ ಎಷ್ಟು ದಿನ ಹತ್ನೇ ಇಲ್ಲ ಅಂತೀನಿ. ಕೈನಲ್ಲಿ ಬರ್ಕಂಡ್ವಿ. ನಿನ್ನ ಆಲಿಗೆ ಜಾಸ್ತಿ ಬರ್ದೆ, ನನ್ನ ಆಲಿಗೆ ಕಮ್ಮಿ ಬರ್ದೆ ಅಂತ ಜುಟ್ಟು ಜುಟ್ಟು ಇಡ್ಕಂಡ್ರು. ಓರಗಿತ್ತೀರಿಬ್ರು ಇವತ್ತಿಗೂ ಮಾತಾಡಲ್ಲ. ಸಂಜಿಕೆ ಆಲು ಬರೋ ಒತ್ಗೆ ಇದು ಹತ್ನಿಲ್ಲ ಅಂದ್ರೆ ನಾನೇನು ಮಾಡ್ಲಿ?"

ನಾನು ಪಟ್ಟು ಹಿಡಿದೆ. ಸಂಜೆಯವರೆಗೆ ಸಮಯವಿದೆ, ಹಳೆಯದನ್ನು ಮತ್ತೆ ಹಾಕಿಕೊಡುತ್ತೇನೆ, ನನ್ನದು ಜವಾಬ್ದಾರಿ ಎಂದೆಲ್ಲ ಹೇಳಿದೆ. ಮೇಷ್ಟ್ರ ಕೈ ಹಿಡಿದು, "ಇದೊಂದೇ ಉಳಿದಿರೋದು ಸರ್" ಎಂದೆ. ಅವರು ಪೆಟ್ಟಿಗೆಯಿಂದ ಕೈ ತೆಗೆಯಲಿಲ್ಲ.

"ನಾನು ಹೇಳಿದ್ದು ಸರಿ ಅಂತಾದ್ರೆ ಇದು ಆರಿಹೋಗುತ್ತೆ. ಹತ್ತುತ್ತೋ ಇಲ್ವೋ ಗೊತ್ತಿಲ್ಲ. ಆರ್‌ಲಿಲ್ಲ ಅಂತಾದ್ರೆ ನಾನು ಹೇಳಿದ್ದು ಸುಳ್ಳು" ಎಂದರು ನಿಧಾನವಾಗಿ. "ಎರಡ್ರಲ್ಲಿ ಯಾವುದಕ್ಕಮ್ಮ ನಾನು ಆಸೆ ಪಡ್ಲಿ?"

ಕಾರ್ಯದರ್ಶಿ ಕೊಟ್ಟ ಮಜ್ಜಿಗೆ ಕುಡಿದು ಬಸ್ಸಿಗೆ ಬಂದು ನಿಂತೆವು. ದಾರಿಯಲ್ಲಿ ಕೆಮ್ಮಣ್ಣು ಹೊಳೆಯೋ ಶಿಂಷೆಯೋ ಯಾವುದೋ ಸೇತುವೆಯ ಸದ್ದಿಗೆ, "ನೀರದಾ?" ಎಂದು ಮಾತ್ರ ಕೇಳಿದರು. ಸ್ವಲ್ಪ ಇದೆ ಎಂದೆ.

ಪರೀಕ್ಷೆ ಮಾಡಲಾಗುವುದಿಲ್ಲ ಎಂದು ತಿಳಿಸಿದೆವು. ಆ ಮನುಷ್ಯ ಒಂದು ವಾರ ಬಿಟ್ಟು ಬರೆದರು. ನಿಮ್ಮ ಮಾತನ್ನು ನಂಬದೆ ಇಲ್ಲ, ಆದರೆ ಆಧಾರವಿಲ್ಲದ ಒಂದು ಸಾಲಿಗಾಗಿ ಎಲ್ಲರಿಗೂ ಸಮಾನವಾದ ವಿಧಾನವನ್ನು ಬಗ್ಗಿಸುವುದು ಕಷ್ಟ. ಈ ಚಿಪ್ಪನ್ನು ಹೊಸ ಸಿಸ್ಟಂ ಜೊತೆ ಬಳಸುವವರು ಯಾರೂ ಇದ್ದಂತಿಲ್ಲ. ಡ್ರೈವರನ್ನೇ ತೆಗೆದುಬಿಡೋಣವೇ? ನೀವು ಒಪ್ಪಿದರೆ ಮಾತ್ರ.

"ಒಪ್ಪಬೇಡಿ ಸರ್" ಎಂದೆ. "ಡೈರಿ ಪೆಟ್ಟಿಗೆ ಇದೆಯಲ್ಲ, ಅದನ್ನ ಹೇಳೋಣ."

"ಅದಕ್ಕೆ ಹೊಸದು ಹಾಕೋರು ಯಾರು? ಅದರ ಪಾಡಿಗೆ ಅದು ಹಳೇದ್ರಲ್ಲೇ ನಡೀತದೆ." ಮತ್ತೆ ಹೇಳಿದರು: "ತಪ್ಪಾಗಿ ಉಳಿಯೋದಕ್ಕಿಂತ ಇಲ್ದೇ ಇರೋದು ವಾಸಿ. ನನ್ನ ಹೆಸರಿಟ್ಕೊಂಡು ಅದು ಯಾರದಾದ್ರೂ ಯಂತ್ರ ಆರಿಸಬಾರದು."

ಇಂಥ ಮೇಲ್‌ಗೆ ಎರಡು ಬಗೆಯಲ್ಲಿ ಹೆಸರು ಹಾಕಬಹುದು. ಸಾಲು ಸಾಲಾಗಿ ನೋಡಿದ್ದೇನೆ ಎಂದು ಒಂದು, ಬರಿದೇ ಒಪ್ಪಿದ್ದೇನೆ ಎಂದು ಇನ್ನೊಂದು. ನಾನು ಮೊದಲನೆಯದನ್ನು ಟೈಪ್ ಮಾಡಿದೆ. ಅಷ್ಟಾದರೂ ಗೌರವ ಇರಲಿ ಎಂದು. ಓದಿ ಹೇಳಿದಾಗ ತಡೆದರು. "ನಾನೆಲ್ಲಿ ನೋಡ್ದೆ? ಕೇಳ್ದೆ ಅಷ್ಟೆ. ಒಪ್ಪಿದೀನಿ ಅಂತ ಹಾಕು." ಹಾಗೆಯೇ ಹಾಕಿ ಕಳಿಸಿದೆ. ಕಡತ ಹೋಯಿತು. ನೋಡಿಕೊಳ್ಳುವವರ ಪಟ್ಟಿಯಿಂದ ಅವರ ಹೆಸರೂ ಜೊತೆಯಲ್ಲೇ ಹೋಯಿತು. ಅದಾದ ಮೇಲೆ ಭಾನುವಾರಗಳಲ್ಲಿ ಓದಲು ಮೇಲ್‌ಗಳು ಬರಲಿಲ್ಲ. ನಾನು ಹೋಗುತ್ತಿದ್ದೆ, ಪೇಪರ್ ಓದುತ್ತಿದ್ದೆ, ಅವರು ಅರ್ಧಕ್ಕೇ ನಿದ್ದೆ ಹೋಗುತ್ತಿದ್ದರು.

ಮಳೆಗಾಲ ಶುರುವಾದಾಗ ಡೈರಿಯ ಕಾರ್ಯದರ್ಶಿ ಫೋನ್ ಮಾಡಿದರು. ಹೊಸ ಯಂತ್ರ ಬಂದಿದೆ, ಚೀಟಿ ಪಟಪಟ ಬರುತ್ತದೆ, ಮೇಷ್ಟ್ರಿಗೆ ಹೇಳಿ ಎಂದು. ಹಳೆಯದನ್ನು ಏನು ಮಾಡಿದಿರಿ ಎಂದು ಕೇಳಿದೆ. "ಗುಜ್ರಿಯವ್ನು ತಕಂಡೋದ ಕನವ್ವ." ಇನ್ನೊಂದು ಚೂರು ಮೊದಲು ಆ ಹೊಸ ಯಂತ್ರ ಬಂದಿದ್ದರೆ ಹಳೆಯ ಪೆಟ್ಟಿಗೆ ನಮ್ಮ ಕೈಗೆ ಸಿಗುತ್ತಿತ್ತು, ಬೇಕಾದಷ್ಟು ಸಲ ಆರಿಸಿ ಹತ್ತಿಸಿ ನೋಡಬಹುದಿತ್ತು. ಯಾರನ್ನು ಬೈಯುವುದು? ಮೇಷ್ಟ್ರಿಗೆ ಹೇಳಿದೆ. "ಒಳ್ಳೇದಾಯ್ತು, ಪಾಪ, ಕಾಯೋದು ತಪ್ತು ಅವ್ರಿಗೆ" ಎಂದರು. ಅವರು ಹೇಳಿದ್ದು ಸರಿಯೆಂದು ತೋರಿಸುವ ವಸ್ತು ಈ ಭೂಮಿಯ ಮೇಲೆ ಇನ್ನು ಒಂದೂ ಉಳಿದಿರಲಿಲ್ಲ.

ಆ ಮಳೆಗಾಲ ಮುಗಿಯುವ ಮೊದಲೇ ಮೇಷ್ಟ್ರು ಹೋದರು. ಈಗ ನಾನು ಕೋಡ್ ಬರೆದಾಗಲೆಲ್ಲ ನನ್ನ ಹರಕು ಇಂಗ್ಲಿಷಿನಲ್ಲಿ ಉದ್ದುದ್ದ ಟಿಪ್ಪಣಿ ಬರೆಯುತ್ತೇನೆ, ವಿದ್ಯಾರ್ಥಿಗಳಿಂದಲೂ ಬರೆಸುತ್ತೇನೆ. ನಗುವವರು ನಗಲಿ. ಅವರಿಂದ ಪಡೆದದ್ದು ಬಹಳ. ತೀರಿಸಲು ನನಗೆ ತಿಳಿದದ್ದು ಇಷ್ಟೇ, ಇದರಿಂದ ಅವರಿಗೆ ಏನೂ ಆಗಬೇಕಾದ್ದಿಲ್ಲ.

ತಿಥಿ ಮುಗಿದು ನೆಂಟರೆಲ್ಲ ಹೋದ ಮಧ್ಯಾಹ್ನ ಅಮ್ಮಾವ್ರು ನನ್ನನ್ನು ಒಳಗೆ ಕರೆದು ಕೂರಿಸಿಕೊಂಡರು. "ಅಷ್ಟು ವರ್ಸ ಕುಂತ್ಕಂಡು ಕುಂತ್ಕಂಡು ಬರದ್ರಲ್ಲವ್ವ, ಅದ್ನ ಒಂಚೂರು ತೋರ್ಸು. ನಾನು ಒಂದಿನಾನೂ ನೋಡ್ನಿಲ್ಲ."

ಹೊಸ ಸಿಸ್ಟಂನಲ್ಲಿ ತೋರಿಸಲು ಏನೂ ಇರಲಿಲ್ಲ. ಅದನ್ನು ತೆಗೆದುಹಾಕಿದ ದಾಖಲೆಯನ್ನೇ ತೆರೆದೆ. ಅದರಲ್ಲಾದರೆ ಪ್ರತಿ ಸಾಲೂ ಇತ್ತು, ಮೇಲಿನಿಂದ ಕೆಳಗಿನವರೆಗೆ ಕೆಂಪು ಬಣ್ಣದಲ್ಲಿ. ಅಮ್ಮಾವ್ರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

"ಇಷ್ಟೂ ಅವ್ರೇ ಬರ್ದಿದ್ದಾ?"

"ಹೂಂ ಅಮ್ಮಾ."

"ಕೆಂಪುಗ್ಯಾಕದೆ?"

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. "ತೆಗೆದುಹಾಕಿದಾರೆ ಅಮ್ಮಾ, ಅದಕ್ಕೆ."

"ಅವ್ರ್ನ ಕೇಳ್ದೆನೆ?"

ಮೇಲಕ್ಕೆ ಸರಿಸಿ ಹೆಸರಿದ್ದ ಸಾಲು ತೋರಿಸಿದೆ. ಇಂಗ್ಲಿಷ್ ಓದಲು ಬಾರದಿದ್ದರೂ ಗಂಡನ ಹೆಸರಿನ ಅಕ್ಷರಗಳ ಗುರುತು ಅವರಿಗಿತ್ತು. ಬೆರಳಿಟ್ಟು ಹಿಡಿದರು.

"ಏನಂತ ಆಕವ್ರೆ?"

"ಒಪ್ಪಿದೀನಿ ಅಂತ."

ಅಮ್ಮಾವ್ರು ಬೆರಳು ತೆಗೆಯಲಿಲ್ಲ. ಹೊರಗೆ ಯಾರೋ ಪಾತ್ರೆ ತೊಳೆಯುತ್ತಿದ್ದರು.

"ಡಯಾಲಿಸಿಸ್ಸಿಂದ ಇನ್ನೇನೂ ಪ್ರಯೋಜನಿಲ್ಲ, ನಿಲ್ಲುಸ್ಬುಡಾನಾ ಅಂತ ಡಾಕುಟ್ರು ಕೇಳುದ್ರು. ಆಗ್ಲೂ ಇಂಗೇ ಒಪ್ಕಂಬುಟ್ರು ಕನವ್ವ. ಪಕ್ಕದಲ್ಲೇ ನಿಂತಿದ್ದೆ. ನಿಂಗೇನನ್ನುಸ್ತದೆ ಅಂತ ನನ್ನ ಒಂದ್ ಮಾತು ಕೇಳ್ನಿಲ್ಲ."